ಕರೆಗೆ ಕಾಲು ಬೇಕೆ?

‘ಮೊದಲು ನನ್ನ ಕಷ್ಟ ತೀರಲಿ, ಸೇವೆ-ಗೀವೆ ಆಮೇಲೆ ನೋಡೋಣ’ ಅನ್ನುವುದು ನಮ್ಮೆಲ್ಲರ ನೆಪ. ಈ ನೆಪಕ್ಕೆ ಉತ್ತರ ದೂರದಲ್ಲಿಲ್ಲ, ನಮ್ಮ ಚೆನ್ನೈಗೆ ಹತ್ತಿರದ ವೇಲೂರಿನಲ್ಲೇ ಇದೆ.

ಡಾ. ಮೇರಿ ವರ್ಗೀಸ್ ಅಲ್ಲಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ತರುಣ ವೈದ್ಯೆ. 1954ರಲ್ಲಿ ವಾಹನ ಅಪಘಾತವಾಗಿ ಬೆನ್ನುಹುರಿಗೆ ಪೆಟ್ಟು ಬಿತ್ತು. ಕಾಲುಗಳ ಸ್ವಾಧೀನ ಹೋಯಿತು. ಯೇಸುವಿನ ಹೆಸರಿನಲ್ಲಿ ರೋಗಿಗಳ ಸೇವೆಗೆ ನಿಂತವರು ತಾವೇ ರೋಗಿಯಾಗಿ ಮಲಗಿದರು. ಆದರೆ ಅಲ್ಲಿಗೆ ಕರೆ ಮುಗಿಯಲಿಲ್ಲ. ಗಾಲಿಕುರ್ಚಿಯಲ್ಲಿ ಕೂತೇ ಕುಷ್ಠರೋಗಿಗಳ ಮಡಚಿಹೋದ ಬೆರಳುಗಳಿಗೆ ಶಸ್ತ್ರಕ್ರಿಯೆ ಮಾಡಿದರು. ಮುಂದೆ ನ್ಯೂಯಾರ್ಕಿನಲ್ಲಿ ಕಲಿತು ಬಂದು, ತಮ್ಮಂತೆ ಪೆಟ್ಟು ತಿಂದವರು ಮತ್ತೆ ಬದುಕು ಕಟ್ಟಿಕೊಳ್ಳಲೆಂದು ವೇಲೂರಿನಲ್ಲಿ ಪುನರ್ವಸತಿ ವಿಭಾಗವನ್ನೇ ಬೆಳೆಸಿದರು. 1972ರಲ್ಲಿ ಪದ್ಮಶ್ರೀ ಬಂತು. 1986ರಲ್ಲಿ ತೀರಿಕೊಂಡರು.

ಇದನ್ನು ಪವಾಡ ಅಂತ ಕೈಮುಗಿದು ಸುಮ್ಮನಾಗುವುದು ಸುಲಭ. ನನಗದು ಒಪ್ಪಿಗೆಯಿಲ್ಲ. ಕೈಯ ಆಪರೇಷನ್ನನ್ನು ಕೂತೂ ಮಾಡಬಹುದಲ್ಲ ಅಂತ ಧೈರ್ಯ ತುಂಬಿದವರು ಸರ್ಜನ್ ಪಾಲ್ ಬ್ರಾಂಡ್. ಕರೆಗೆ ಓಗೊಟ್ಟದ್ದು ಆಕೆ ಒಬ್ಬರೇ ನಿಜ. ಆದರೆ ಆ ಕುರ್ಚಿಗೆ ಆಪರೇಷನ್ ಮೇಜಿನ ಹತ್ತಿರ ಜಾಗ ಬಿಟ್ಟುಕೊಟ್ಟವರೂ ಇದ್ದರು. ಅದೂ ಸೇವೆಯೇ ಅಲ್ಲವೇ?

ನಮ್ಮ ಸಂಘದ ಸಭೆ ನಡೆಯುವುದು ಮಹಡಿಯ ಮೇಲೆ. ಊರುಗೋಲಿನ ಗೆಳೆಯನೊಬ್ಬ ಮೆಟ್ಟಿಲು ನೋಡಿ ಕೆಳಗಿನಿಂದಲೇ ವಾಪಸು ಹೋದದ್ದನ್ನು ಕಂಡಿದ್ದೇನೆ. ಮೇಲೆ ಅವತ್ತು ನಾವು ಮಾನವೀಯತೆಯ ಬಗ್ಗೆ ಮಾತಾಡುತ್ತಿದ್ದೆವು! ಮುಂದಿನ ಸಭೆಯನ್ನು ಕೆಳಗಿಳಿಸೋಣ. ದೊಡ್ಡ ಕರೆ ನಮಗೆ ಬಂದಾಗ ಬರಲಿ. ಇದಂತೂ ಆಗಲೇ ಬಂದಿದೆ.