ಟ್ಯಾನ್‌ಟೀ ನಷ್ಟ ಯಾರ ತಲೆಗೆ?

ತಮಿಳುನಾಡು ಸರ್ಕಾರದ ಚಹಾ ನಿಗಮ ಟ್ಯಾನ್‌ಟೀ ನಷ್ಟದಲ್ಲಿದೆ. ನೀಲಗಿರಿಯಲ್ಲಿ ಇದು ಸವೆದುಹೋದ ಉತ್ತರ. ಕೂಲಿ ಸಾಲದು ಎಂದರೂ ಇದೇ, ನಿವೃತ್ತರು ಗ್ರಾಚ್ಯುಟಿ ಕೇಳಿದರೂ ಇದೇ, ಲೈನ್ ಮನೆ ಸೋರುತ್ತದೆ ಎಂದರೂ ಇದೇ. ಖಾಸಗಿ ಎಸ್ಟೇಟಿನವನು ಹೀಗಂದರೆ ಕಾರ್ಮಿಕ ಇಲಾಖೆಗೆ ದೂರು ಕೊಡಬಹುದು. ಇಲ್ಲಿ ಧಣಿಯೂ ತಮಿಳುನಾಡು ಸರ್ಕಾರ, ಕನಿಷ್ಠ ಕೂಲಿ ಗೊತ್ತುಮಾಡುವುದೂ ಅದೇ ಸರ್ಕಾರ.

ಈ ತೋಟಗಳು ಲಾಭಕ್ಕೆಂದು ಹುಟ್ಟಿದವಲ್ಲ. 1964ರಲ್ಲಿ ಭಾರತದ ಪ್ರಧಾನಿ ಶಾಸ್ತ್ರಿ ಮತ್ತು ಶ್ರೀಲಂಕಾದ ಪ್ರಧಾನಿ ಸಿರಿಮಾವೋ ಸಹಿ ಹಾಕಿ ಅಲ್ಲಿನ 5.25 ಲಕ್ಷ ತೋಟಕಾರ್ಮಿಕ ಮೂಲದ ತಮಿಳರನ್ನು ಭಾರತದ ಪಾಲಿಗೆ ಬರೆದರು. ಹೋಗುತ್ತೀರಾ ಎಂದು ಅವರನ್ನು ಒಂದು ಮಾತು ಕೇಳಿಕೊಂಡು ಮಾಡಿದ ಒಪ್ಪಂದವಲ್ಲ ಅದು. ಹಾಗೆ ಬಂದವರಿಗೆ ಕೆಲಸ ಕೊಡಲು 1968ರಲ್ಲಿ ಸರ್ಕಾರಿ ಚಹಾ ಯೋಜನೆ ಶುರುವಾಯಿತು, ಆಮೇಲೆ ಅದೇ ನಿಗಮವಾಯಿತು. ಪಂದಲೂರು, ಚೇರಂಬಾಡಿ, ಕೋತಗಿರಿಯ ಇಳಿಜಾರುಗಳಲ್ಲಿ ಗಿಡ ನೆಟ್ಟು ತೋಟ ಎಬ್ಬಿಸಿದವರು ಅವರೇ. ಪುನರ್ವಸತಿಗೆಂದು ಕಟ್ಟಿದ್ದನ್ನು ಈಗ ಅಂಗಡಿಯ ಲೆಕ್ಕಪುಸ್ತಕ ಹಿಡಿದು ತೂಗುವುದು ಯಾವ ನ್ಯಾಯ?

2022ರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಹೆಕ್ಟೇರ್ ತೋಟವನ್ನು ಅರಣ್ಯ ಇಲಾಖೆಗೆ ಮರಳಿಸಲು ಆದೇಶ ಹೊರಟಿತು. ಕಾಡು ಮತ್ತೆ ಬೆಳೆಯಲಿ, ನನ್ನ ತಕರಾರಿಲ್ಲ. ಆನೆಗೆ ದಾರಿ ಬೇಕೇ ಬೇಕು. ಆದರೆ ಜನಕ್ಕೆ? ಲೈನ್ ಮನೆ ಕೆಲಸವಿರುವವರೆಗೆ ಮಾತ್ರ. ನಿವೃತ್ತಿಯಾದ ದಿನ ನಲವತ್ತು ವರ್ಷದ ವಿಳಾಸವೇ ಹೋಗುತ್ತದೆ. ಗೂಡಲೂರು ಸೀಮೆಯಲ್ಲಿ ಬೇರೆ ಕಡೆ ಒಂದು ತುಂಡು ಜಾಗ ಹಿಡಿಯೋಣವೆಂದರೆ ಹಳೆಯ ಜಮೀನ್ದಾರಿ ಹಿಡುವಳಿಯಾದ ಜನ್ಮಂ ಭೂಮಿಯ ತೊಡಕು. ಅದನ್ನು ರದ್ದುಮಾಡುವ 1969ರ ಕಾಯ್ದೆ ಬಂದು ಐದು ದಶಕ ಕಳೆದರೂ ಪಟ್ಟಾ ಇಲ್ಲದ ಕುಟುಂಬಗಳು ಅಲ್ಲಿ ಇನ್ನೂ ಇವೆ. ಹೋಗಲು ಜಾಗವಿಲ್ಲದವನು ಕೂಲಿಗಾಗಿ ಎಷ್ಟು ಜೋರಾಗಿ ಚೌಕಾಸಿ ಮಾಡಿಯಾನು? ಇನ್ನು ಆ ನಿವೃತ್ತರ ಗ್ರಾಚ್ಯುಟಿಯನ್ನು ಮೂವತ್ತು ದಿನದೊಳಗೆ ಕೊಡಬೇಕೆಂದು 1972ರ ಕಾಯ್ದೆ ಹೇಳಿತ್ತು, ತಡವಾದರೆ ಬಡ್ಡಿ ಸಮೇತ.

ಹರಾಜಿನಲ್ಲಿ ಚಹಾಕ್ಕೆ ಬೆಲೆಯೇ ಇಲ್ಲ ಎನ್ನುತ್ತಾರೆ. ನಿಜವೇ. ಹಟ್ಟಿಗಳ ಬಡಗ ಸಮುದಾಯದ ಬೆಳೆಗಾರರೂ ಹಸಿರೆಲೆಗೆ ಕಿಲೋಗೆ 33.50 ರೂಪಾಯಿ ಬೇಕೆಂದು 2023ರಲ್ಲಿ ಉಪವಾಸ ಕೂತಿದ್ದರು. ಒಂದೆಕರೆ ಬೆಳೆಗಾರನ ಕಷ್ಟ ನನಗೆ ಅರ್ಥವಾಗುತ್ತದೆ, ಅವನೂ ಕೊಯ್ಯುವ ಹೆಂಗಸರಿಗೆ ಕೂಲಿ ಕೊಡಬೇಕು. ಆದರೆ ಖಜಾನೆ ಇರುವ ಸರ್ಕಾರ ಅವನ ಪಕ್ಕದಲ್ಲಿ ಕೂತು ಅದೇ ಅಳು ಅಳುವುದು ನಾಚಿಕೆಗೇಡು. ಕನಿಷ್ಠ ಕೂಲಿಯನ್ನೂ ಕೊಡಲಾಗದ ಉದ್ಯಮಕ್ಕೆ ಇರುವ ಹಕ್ಕೇ ಇಲ್ಲವೆಂದು ಸುಪ್ರೀಂ ಕೋರ್ಟ್ ಕ್ರೌನ್ ಅಲ್ಯೂಮಿನಿಯಂ ಮೊಕದ್ದಮೆಯಲ್ಲಿ 1957ರಷ್ಟು ಹಿಂದೆಯೇ ಹೇಳಿದೆ. 1991ರ ರೆಪ್ಟಾಕೋಸ್ ಬ್ರೆಟ್ ತೀರ್ಪು ಇನ್ನೂ ಮುಂದೆ ಹೋಗಿ ಮಕ್ಕಳ ಓದು, ಔಷಧಿ, ಮುಪ್ಪಿನ ಖರ್ಚನ್ನೂ ಕನಿಷ್ಠ ಕೂಲಿಯ ಲೆಕ್ಕಕ್ಕೇ ಸೇರಿಸಿತು. ಊಟಿಯ ಚಳಿಯಲ್ಲಿ ಕಂಬಳಿಯೂ ಸೌದೆಯೂ ಆ ಲೆಕ್ಕದೊಳಗೇ ಬರಬೇಕು.

ನಿಗಮ ನಡೆಸಲಾಗದಿದ್ದರೆ ಮುಚ್ಚಲಿ. ಆದರೆ ತೋಟ ಅರಣ್ಯ ಇಲಾಖೆಯ ಕೈಗೆ ಹೋಗುವ ಮೊದಲು ಪ್ರತಿ ಕುಟುಂಬಕ್ಕೂ ಪಟ್ಟಾ ಸಹಿತ ಮನೆ, ಬಾಕಿ ಗ್ರಾಚ್ಯುಟಿ, ಅದರ ಬಡ್ಡಿ ಸೇರಬೇಕು. ಜಾಗ ಎಲ್ಲಿದೆ ಎಂದು ಕೇಳುವವರು ಟ್ಯಾನ್‌ಟೀ ನಕ್ಷೆಯನ್ನೇ ಬಿಚ್ಚಿ ನೋಡಲಿ.