ಡಿಲೀಟ್ ಮಾಡಿದರೆ ಮುಗಿಯಿತೇ?

ವಿಜಯನಗರದಲ್ಲಿ ಕೋಚಿಂಗ್ ಮುಗಿಸಿ ಮೆಟ್ರೊ ಹತ್ತಿದಾಗ ‘ನಾಳಿನ ಪರೀಕ್ಷೆ ಮುಂದಕ್ಕೆ’ ಎಂಬ ಮೆಸೇಜ್ ಬಂತು. ಎಲ್ಲರಿಗೂ ಉಪಯೋಗವಾಗಲಿ ಎಂದು ತಕ್ಷಣ ನಮ್ಮ ವಾಟ್ಸ್‌ಆ್ಯಪ್ ಗ್ರೂಪ್‌ಗೆ ಕಳಿಸಿದೆ. ಕೆಂಗೇರಿ ತಲುಪುವಷ್ಟರಲ್ಲಿ ಅದು ಸುಳ್ಳೆಂದು ಗೊತ್ತಾಯಿತು. ನಾಚಿಕೆಯಾಗಿ ಸದ್ದಿಲ್ಲದೆ ಡಿಲೀಟ್ ಮಾಡಿದೆ. ಆದರೆ ಅದನ್ನು ಓದಿದ್ದ ಗೆಳತಿಯೊಬ್ಬಳು ಆಗಲೇ ಊರಿನ ಬಸ್ ಹತ್ತಿದ್ದಳು. ಮರುದಿನ ಅವಳು ಪರೀಕ್ಷೆ ಬರೆಯಲಿಲ್ಲ.

ನನ್ನ ಆತುರಕ್ಕೆ ಬಲಿಯಾದದ್ದು ಒಂದು ಪರೀಕ್ಷೆ. ನಮ್ಮ ನಗರ ಇದಕ್ಕಿಂತ ದೊಡ್ಡ ಬೆಲೆ ತೆತ್ತಿದೆ. 2012ರ ಆಗಸ್ಟ್‌ನಲ್ಲಿ ಎಸ್‌ಎಂಎಸ್ ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರು ಬಿಟ್ಟು ಗುವಾಹಟಿ ರೈಲು ಹತ್ತಿದರು. 2018ರ ಮೇ ತಿಂಗಳಲ್ಲಿ ಚಾಮರಾಜಪೇಟೆಯಲ್ಲಿ ರಾಜಸ್ಥಾನದ ಯುವಕನೊಬ್ಬನನ್ನು ಮಕ್ಕಳ ಕಳ್ಳನೆಂದು ಶಂಕಿಸಿ ಗುಂಪೊಂದು ಹೊಡೆದು ಕೊಂದಿತು. ಆಗ ವಾಟ್ಸ್‌ಆ್ಯಪ್‌ನಲ್ಲಿ ಮಕ್ಕಳ ಕಳ್ಳರ ಸುದ್ದಿ ಹಂಚಿದವರಲ್ಲಿ ಎಷ್ಟೋ ಮಂದಿ ‘ಹುಷಾರಾಗಿರಲಿ’ ಎಂದೇ ಕಳಿಸಿರಬೇಕು, ನನ್ನ ಹಾಗೆ.

ಆ ವರ್ಷದ ಜುಲೈನಲ್ಲಿ ವಾಟ್ಸ್‌ಆ್ಯಪ್ ಭಾರತದಲ್ಲಿ ಫಾರ್ವರ್ಡ್‌ಗೆ ಐದು ಚಾಟ್‌ಗಳ ಮಿತಿ ಪ್ರಕಟಿಸಿತು. 2020ರ ಏಪ್ರಿಲ್‌ನಲ್ಲಿ, ಹಲವು ಕೈ ದಾಟಿ ಬಂದ ಸಂದೇಶಕ್ಕೆ ಒಂದೇ ಚಾಟ್ ಎಂದಿತು. ಆದರೆ ಆ ಒಂದು ಚಾಟ್ ಇನ್ನೂರು ಜನರ ಗ್ರೂಪ್ ಆಗಿದ್ದರೆ? ಕಂಪನಿಯ ಮಿತಿ ವೇಗ ತಗ್ಗಿಸೀತು, ನಮ್ಮ ಬೆರಳನ್ನು ತಡೆಯದು.

ಈಗ ಅಧಿಕೃತ ವೆಬ್‌ಸೈಟ್ ನೋಡದೆ ಪರೀಕ್ಷೆ, ನೇಮಕಾತಿಯ ಸುದ್ದಿ ಕಳಿಸುವುದಿಲ್ಲ. ತಪ್ಪಿದರೆ, ‘ನಾನು ಕಳಿಸಿದ್ದು ಸುಳ್ಳು’ ಎಂದು ಅದೇ ಗ್ರೂಪ್‌ನಲ್ಲಿ ಬರೆಯುತ್ತೇನೆ. ಡಿಲೀಟ್ ಮಾಡಿದರೆ ನನ್ನ ಮುಜುಗರ ಮರೆಯಾಗುತ್ತದೆ, ಓದಿದವರ ನಂಬಿಕೆ ಹಾಗೇ ಉಳಿಯುತ್ತದೆ. ಅಂದು ಆ ಒಂದು ಸಾಲು ಬರೆದಿದ್ದರೆ ಗೆಳತಿ ಮುಂದಿನ ಸ್ಟಾಪ್‌ನಲ್ಲೇ ಇಳಿಯುತ್ತಿದ್ದಳು.