ಪಕ್ಕದೊಲೆಯ ಧೂಮಪಾಕ

ಅಮೆರಿಕದ ಟೆಕ್ಸಾಸ್ ಸಂಸ್ಥಾನದಲ್ಲಿ, ಶನಿವಾರದ ನಸುಕಿನಲ್ಲಿ ಬೀದಿಯೆಲ್ಲ ನಿದ್ರಿಸುತ್ತಿರುವಾಗ, ಯಾವುದೋ ಹಿತ್ತಿಲಿನಲ್ಲಿ ಗೃಹಸ್ಥನೊಬ್ಬನು ಸೌದೆ ಒಟ್ಟುತ್ತ ಕುಳಿತಿರುವ ದೃಶ್ಯ ಅಪರೂಪವಲ್ಲ. ಸಂಜೆಗೆ ಹತ್ತು ಹನ್ನೆರಡು ಮಂದಿ ಅತಿಥಿಗಳು ಬರುವವರಿದ್ದಾರೆ. ಅವನ ಮುಂದಿರುವುದು ‘ಬ್ರಿಸ್ಕೆಟ್’, ಎಂದರೆ ದನದ ಎದೆಭಾಗದ ಮಾಂಸ. ಐದಾರು ಕಿಲೋ ತೂಗುವ ಒಂದೇ ತುಂಡು. ಅದು ಬೇಯಲು 10ರಿಂದ 14 ಗಂಟೆಗಳು ಬೇಕು. ಕೆಟ್ಟುಹೋದರೆ ಇನ್ನೊಂದನ್ನು ಬೇಯಿಸಲು ಅಂದು ವೇಳೆಯಿಲ್ಲ. ಅತಿಥಿಗಳ ಮುಂದೆ ಅವನ ಮಾನವನ್ನು ಕಾಯಬೇಕಾದದ್ದು ಕಾಲುಗಳ ಮೇಲೆ ನಿಂತ ಒಂದು ಉಕ್ಕಿನ ಪೀಪಾಯಿ. ಅದರ ಹೆಸರು ‘ಆಫ್‌ಸೆಟ್ ಸ್ಮೋಕರ್’.

ಉಪಕರಣದ ರಚನೆ ಬಹು ಸರಳ. ಅಡ್ಡಲಾಗಿ ಮಲಗಿಸಿದ ಪೀಪಾಯಿಯೊಳಗೆ ಕಂಬಿಯ ಹಾಸು. ಅದರ ಮೇಲೆ ಮಾಂಸ. ಒಂದು ತುದಿಯಲ್ಲಿ, ತುಸು ಕೆಳಮಟ್ಟದಲ್ಲಿ, ಬೆಂಕಿಯ ಗೂಡು. ಇನ್ನೊಂದು ತುದಿಯಲ್ಲಿ ಹೊಗೆಯ ಕೊಳವೆ. ಉರಿ ಮಾಂಸದ ಕೆಳಗಿರುವುದಿಲ್ಲ, ಪಕ್ಕದಲ್ಲಿರುತ್ತದೆ. ಅಲ್ಲಿಂದ ಹೊರಟ ಬಿಸಿಗಾಳಿಯೂ ಹೊಗೆಯೂ ಮಾಂಸವನ್ನು ಸವರಿಕೊಂಡು ಕೊಳವೆಯಿಂದ ಹೊರಬೀಳುತ್ತವೆ.

ಈ ಯುಕ್ತಿ ಹಿತ್ತಿಲಿನಲ್ಲಿ ಹುಟ್ಟಿದ್ದಲ್ಲ. ಮಧ್ಯ ಟೆಕ್ಸಾಸಿಗೆ ವಲಸೆ ಬಂದ ಜರ್ಮನ್ ಮತ್ತು ಚೆಕ್ ಕಟುಕರು ತಮ್ಮ ಅಂಗಡಿಗಳಲ್ಲಿ ಮಾಂಸವನ್ನು ಹೊಗೆಯಲ್ಲಿ ಬೇಯಿಸಿ ಮಾರುತ್ತಿದ್ದರು. 1900ರಲ್ಲಿ ಲಾಕ್‌ಹಾರ್ಟ್ ಎಂಬ ಊರಿನಲ್ಲಿ ‘ಕ್ರೈಟ್ಸ್ ಮಾರ್ಕೆಟ್’ ಆರಂಭವಾಯಿತು. ಅದರ ಹಳೆಯ ಕಟ್ಟಡದಲ್ಲಿ ಉದ್ದನೆಯ ಇಟ್ಟಿಗೆಯ ಒಲೆಗಳ ಒಂದು ತುದಿಯಲ್ಲಿ ಸೌದೆ ಉರಿಯುತ್ತದೆ. ಹೊಗೆ ಮಾಂಸದ ಕೆಳಗೆ ಹರಿದು ಇನ್ನೊಂದು ತುದಿಯ ಚಿಮಣಿಯನ್ನು ಸೇರುತ್ತದೆ. 1999ರಲ್ಲಿ ಟೆಕ್ಸಾಸಿನ ಶಾಸನಸಭೆಯು ಲಾಕ್‌ಹಾರ್ಟನ್ನು ಸಂಸ್ಥಾನದ ಬಾರ್ಬೆಕ್ಯೂ ರಾಜಧಾನಿಯೆಂದು ಕರೆದು ಗೌರವಿಸಿತು. ಎಣ್ಣೆಬಾವಿಗಳ ಆ ನಾಡಿನಲ್ಲಿ ದಪ್ಪ ಉಕ್ಕಿಗೂ ಬೆಸುಗೆ ಬಲ್ಲವರಿಗೂ ಬರವಿಲ್ಲವಷ್ಟೆ! ಇಟ್ಟಿಗೆಯ ಒಲೆ ಉಕ್ಕಿನ ರೂಪ ತಾಳಿ ಮನೆಮನೆಯ ಹಿತ್ತಿಲನ್ನು ಸೇರಿತು.

ಕೊಳ್ಳುವಾಗ ನೋಡಬೇಕಾದ ಮೊದಲ ಸಂಗತಿ ಹೊಳಪೂ ಅಲ್ಲ, ಗಾತ್ರವೂ ಅಲ್ಲ, ಉಕ್ಕಿನ ದಪ್ಪ. ಕೆಲವು ನೂರು ಡಾಲರುಗಳಿಗೆ ದೊರೆಯುವ ಪೀಪಾಯಿಗಳ ತಗಡು ಎರಡು ಮೂರು ಮಿಲಿಮೀಟರ್ ಮಾತ್ರ. ತಣ್ಣನೆಯ ಗಾಳಿ ಬೀಸಿದರೆ ಶಾಖ ಇಳಿಯುತ್ತದೆ. ಒಂದು ಸೌದೆ ಹೆಚ್ಚು ಹಾಕಿದರೆ ಹುಚ್ಚೆದ್ದು ಏರುತ್ತದೆ. ಕಾಲಂಗುಲ, ಎಂದರೆ ಸುಮಾರು ಆರು ಮಿಲಿಮೀಟರ್ ದಪ್ಪದ ಉಕ್ಕು ಬಿಸಿಯಾಗಲು ನಿಧಾನ, ಆದರೆ ಹಿಡಿದ ಶಾಖವನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಅದರ ಬೆಲೆ ಸಾವಿರ ಡಾಲರನ್ನು ಮೀರುತ್ತದೆ. ಸ್ಥಳ ಬದಲಿಸಲು ನಾಲ್ಕಾಳು ಬೇಕು. ಅಗ್ಗದ್ದನ್ನು ಕೊಂಡವನು ಉಳಿಸಿದ ಹಣವನ್ನು ನಿದ್ದೆಗೆಟ್ಟು ತೀರಿಸುತ್ತಾನೆ ಎಂದರೆ ಅತಿಶಯೋಕ್ತಿಯಾಗದು. ಆದರೂ ಕೈ ಬಿಗಿಯಿದ್ದವರು ನಿರಾಶರಾಗಬೇಕಿಲ್ಲ. ಮುಚ್ಚಳದ ಸಂದುಗಳಿಗೆ ಶಾಖ ತಾಳುವ ಪಟ್ಟಿಯನ್ನು ಅಂಟಿಸಿದರೆ ಸೋರಿಕೆ ಬಹಳಷ್ಟು ನಿಲ್ಲುತ್ತದೆ. ಮುಚ್ಚಳದ ಮೇಲೆ ಅಂದವಾಗಿ ಕೂರಿಸಿದ ಶಾಖಮಾಪಕವನ್ನಂತೂ ನಂಬಲಾಗದು. ಅದು ತೋರಿಸುವುದು ಮೇಲ್ಭಾಗದ ಗಾಳಿಯ ಬಿಸಿಯನ್ನು, ಮಾಂಸವಿರುವುದು ಕೆಳಗೆ. ಕಂಬಿಯ ಹಾಸಿನ ಮಟ್ಟದಲ್ಲಿಯೇ ಎರಡು ಕಡೆ ಮಾಪಕಗಳನ್ನಿಡುವುದು ಕ್ಷೇಮ. ಬೆಂಕಿಯ ಕಡೆಯ ತುದಿ ಯಾವಾಗಲೂ ಹೆಚ್ಚು ಬಿಸಿ. ಆದ್ದರಿಂದ ಮಾಂಸದ ದಪ್ಪನೆಯ, ಕೊಬ್ಬಿರುವ ಭಾಗವನ್ನು ಆ ಕಡೆಗಿಡುತ್ತಾರೆ.

ಹೊಸ ದೋಸೆಯ ಕಾವಲಿಯನ್ನು ಪಳಗಿಸುವಂತೆ ಇದನ್ನೂ ಒಳಗೆ ಎಣ್ಣೆ ಸವರಿ ಎರಡು ಮೂರು ಗಂಟೆ ಬರಿದೇ ಕಾಯಿಸಬೇಕು. ಮೊದಲ ದಿನವೇ ಬ್ರಿಸ್ಕೆಟ್ಟಿಗೆ ಕೈಹಾಕುವುದು ದುಡುಕು. ಹಂದಿಯ ಭುಜದ ಮಾಂಸ ಕಲಿಯುವವನ ತಪ್ಪುಗಳನ್ನು ಬಹುಮಟ್ಟಿಗೆ ಕ್ಷಮಿಸುತ್ತದೆ. ಕೋಳಿಯೂ ಆಗಬಹುದು, ಆದರೆ ಮಂದ ಶಾಖದಲ್ಲಿ ಅದರ ಚರ್ಮ ರಬ್ಬರಿನಂತಾಗುವುದರಿಂದ ಉರಿ ತುಸು ಹೆಚ್ಚಿರಬೇಕು, ಒಳಗಿನ ಶಾಖ 165 ಡಿಗ್ರಿ ಫ್ಯಾರನ್‌ಹೀಟ್ (74 ಸೆಲ್ಸಿಯಸ್) ಮುಟ್ಟಲೇಬೇಕು.

ಇನ್ನು ಉರಿಯ ಮಾತು. ಹೊಗೆಯ ಪಾಕವಾದ್ದರಿಂದ ಹೊಗೆ ದಟ್ಟವಾಗಿರಬೇಕೆಂದು ಬಗೆದು ಸೌದೆಯನ್ನು ನೀರಿನಲ್ಲಿ ನೆನೆಸಿ ಹಾಕುವವರುಂಟು. ಹಸಿ ಸೌದೆಯ ಮುಂದೆ ಕಣ್ಣೊರೆಸಿಕೊಂಡು ಅಡುಗೆ ಮಾಡಿದ ಹಿಂದಿನ ತಲೆಮಾರಿನ ಗೃಹಿಣಿ ಇದನ್ನು ಕಂಡರೆ ನಕ್ಕಾಳು. ಬಿಳಿಯ ದಟ್ಟ ಹೊಗೆ ಅರೆಬರೆ ಉರಿದ ಸೌದೆಯ ಗುರುತು. ಅದು ಮಾಂಸಕ್ಕೆ ಕಹಿಯನ್ನು ಬಳಿಯುತ್ತದೆ. ಕೊಳವೆಯ ಬಾಯಲ್ಲಿ ಕಂಡೂ ಕಾಣದಂತೆ ತೆಳುನೀಲಿಯ ಎಳೆ ಏಳುತ್ತಿದ್ದರೆ ಉರಿ ಸರಿಯಾಗಿದೆಯೆಂದರ್ಥ. ಮಧ್ಯ ಟೆಕ್ಸಾಸಿನಲ್ಲಿ ಬಳಸುವುದು ‘ಪೋಸ್ಟ್ ಓಕ್’ ಮರದ ಸೌದೆ. ಅದು ತಿಂಗಳುಗಟ್ಟಲೆ ಒಣಗಿರಬೇಕು. ಸಣ್ಣದಾಗಿ ಸೀಳಿ, ಬೆಂಕಿಗೂಡಿನ ಮೇಲಿಟ್ಟು ಬೆಚ್ಚಗಾಗಿಸಿ, ಮುಕ್ಕಾಲು ಗಂಟೆಗೊಂದರಂತೆ ಕೆಂಡದ ಮೇಲಿಡುತ್ತಾರೆ. ಹೊಗೆಕೊಳವೆಯ ಬಾಯಿ ಪೂರ್ತಿ ತೆರೆದಿರಬೇಕು. ಶಾಖವನ್ನು ಅಂಕೆಯಲ್ಲಿಡುವುದು ಉರಿಯ ಗಾತ್ರದಿಂದ ಮತ್ತು ಬೆಂಕಿಗೂಡಿನ ಗಾಳಿಕಂಡಿಯಿಂದ. 225ರಿಂದ 275 ಡಿಗ್ರಿ ಫ್ಯಾರನ್‌ಹೀಟ್ (107ರಿಂದ 135 ಸೆಲ್ಸಿಯಸ್) ಒಳಗಿದ್ದರೆ ಸಾಕು. ಇದೆಲ್ಲ ಬಯಲಿನಲ್ಲಿಯೇ ನಡೆಯಬೇಕು. ಮುಚ್ಚಿದ ಜಾಗದಲ್ಲಿ ಈ ಉರಿಯಿಂದೇಳುವ ವಿಷಾನಿಲ ಪ್ರಾಣಕ್ಕೇ ಎರವಾದೀತು.

ಆರೇಳು ಗಂಟೆಗಳ ಬಳಿಕ ನಿಜವಾದ ಪರೀಕ್ಷೆ ಬರುತ್ತದೆ. ಮಾಂಸದೊಳಗಿನ ಶಾಖ 150-160 ಡಿಗ್ರಿಯವರೆಗೆ ಏರಿ ಅಲ್ಲಿಯೇ ನಿಂತುಬಿಡುತ್ತದೆ. ಒಂದು ಗಂಟೆಯಾಯಿತು, ಎರಡಾಯಿತು, ಮುಳ್ಳು ಕದಲುವುದಿಲ್ಲ. ಅತಿಥಿಗಳ ನೆನಪಾಗಿ ಗೃಹಸ್ಥನ ಎದೆ ಡವಗುಟ್ಟುತ್ತದೆ. ಸೌದೆ ತುರುಕಲು ಕೈ ಮುಂದಾಗುತ್ತದೆ. ಕಾರಣ ತಿಳಿದವನು ಸುಮ್ಮನಿರುತ್ತಾನೆ. ಬೇಸಗೆಯಲ್ಲಿ ಮಣ್ಣಿನ ಹೂಜಿ ಬೆವರಿ ಒಳಗಿನ ನೀರು ತಂಪಾಗುವುದಿಲ್ಲವೇ? ಮಾಂಸದ ಮೈಯಿಂದಲೂ ಹಾಗೆಯೇ ತೇವ ಆವಿಯಾಗಿ, ಉರಿ ಕೊಟ್ಟ ಶಾಖವನ್ನೆಲ್ಲ ಒಯ್ಯುತ್ತಿರುತ್ತದೆ. ಆ ತೇವ ಕಡಮೆಯಾದಂತೆ ಮುಳ್ಳು ತಾನಾಗಿ ಏರುತ್ತದೆ. ಅವಸರವಿದ್ದರೆ ದಪ್ಪ ಕಾಗದದಲ್ಲಿ ಮಾಂಸವನ್ನು ಬಿಗಿಯಾಗಿ ಸುತ್ತಿ ಮತ್ತೆ ಒಳಗಿಡಬಹುದು. ಉರಿಯನ್ನು ವಿಪರೀತ ಹೆಚ್ಚಿಸಿದರೆ ಮಾತ್ರ ಹೊರಗೆ ಒಣಗಿ, ಒಳಗೆ ನಾರು ಕರಗದೆ, ಅಗಿದಷ್ಟೂ ಮುಗಿಯದ ತೊಗಲು ತಟ್ಟೆಗೆ ಬರುತ್ತದೆ. ದನದ ಎದೆ ಅದರ ಭಾರ ಹೊರುವ ಭಾಗ. ಅಲ್ಲಿನ ಬಿಗಿನಾರು ಮೆತ್ತಗಾಗಲು ಶಾಖ ಎಷ್ಟು ಅಗತ್ಯವೋ ಹೊತ್ತೂ ಅಷ್ಟೇ ಅಗತ್ಯ.

ಸುಮಾರು 200 ಡಿಗ್ರಿ (93 ಸೆಲ್ಸಿಯಸ್) ಮುಟ್ಟಿದಾಗ ಕಡ್ಡಿಯೊಂದನ್ನು ಚುಚ್ಚಿ ನೋಡುತ್ತಾರೆ. ಬೆಂದ ಗೆಣಸಿನಲ್ಲಿಳಿದಂತೆ ಇಳಿದರೆ ಪಾಕ ಸಿದ್ಧ. ಸುತ್ತಿದಂತೆಯೇ ಒಂದು ಗಂಟೆಯಾದರೂ ವಿಶ್ರಮಿಸಲು ಬಿಟ್ಟು, ಎಳೆಗೆ ಅಡ್ಡವಾಗಿ ಕೊಯ್ಯಬೇಕು. ಬ್ರಿಸ್ಕೆಟ್ಟಿನಲ್ಲಿರುವ ಎರಡು ಸ್ನಾಯುಗಳ ಎಳೆಗಳು ಬೇರೆ ಬೇರೆ ದಿಕ್ಕಿಗೆ ಓಡುವುದರಿಂದ ನಡುವೆ ತುಂಡನ್ನು ತಿರುಗಿಸಿಕೊಳ್ಳಬೇಕಾಗುತ್ತದೆ.

ಅತಿಥಿಗಳು ಹೊರಟ ಮೇಲೆ ಮಲಗುವ ಆತುರದಲ್ಲಿ ಬೂದಿಯನ್ನು ಮರೆಯುವುದುಂಟು. ಅದು ಪೂರ್ತಿ ಆರಿದ ಮೇಲೆ, ಮರುದಿನವೇ, ಗೋರಿ ಮುಚ್ಚಳವಿರುವ ಲೋಹದ ಡಬ್ಬಕ್ಕೆ ಹಾಕಬೇಕು. ಮಳೆಯ ನೀರು ಬಿದ್ದ ಬೂದಿ ಬೆಂಕಿಗೂಡಿನ ತಳವನ್ನೇ ತಿಂದುಹಾಕುತ್ತದೆ.